ದೂರಪ್ರಯಾಣದ ಬೈಕಿನ ಹಿಂದಿನ ಸಸ್ಪೆನ್ಷನ್: ತೂಗಿ, ಅಳೆದು, ಆಮೇಲೆ ಬದಲಿಸುವ ಕ್ರಮ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹೀಗಾಗಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೇಲೆ ಹೋಗಿಬರುವ ನಾವೆಲ್ಲ ಸರ್ವೀಸ್ ರಸ್ತೆಯ ಹಂಪುಗಳನ್ನೂ ಡಾಂಬರಿನ ತೇಪೆಗಳನ್ನೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಓಡಾಡಿ ಬಿದ್ದ ತಗ್ಗುಗಳನ್ನೂ ದಾಟಿಕೊಂಡೇ ಸಾಗಬೇಕಾಗಿದೆ. ಒಬ್ಬರೇ ಹೋಗುವಾಗ ಅಷ್ಟಾಗಿ ತಿಳಿಯದ ಹಿಂದಿನ ಶಾಕ್ ಅಬ್ಸಾರ್ಬರಿನ ದೌರ್ಬಲ್ಯವು, ಮನೆಯವರನ್ನು ಹಿಂದೆ ಕೂರಿಸಿಕೊಂಡು, ಎರಡೂ ಬದಿಗೆ ಪ್ಯಾನಿಯರ್ (ಸಾಮಾನಿನ ಪೆಟ್ಟಿಗೆ) ಕಟ್ಟಿಕೊಂಡು ಹೊರಟ ದಿನ ಮೊದಲ ಹಂಪಿನಲ್ಲೇ ಬಯಲಾಗುತ್ತದೆ. ಗಾಡಿಯ ಹಿಂಭಾಗ ಕುಸಿದು ತಳಕ್ಕೆ ಬಡಿಯುತ್ತದೆ. ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಹೊರಕ್ಕೆ ಜಾರಿದಂತಾಗುತ್ತದೆ. ರಾತ್ರಿ ಹೊತ್ತು ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ಮರಗಳ ತುದಿಗೆ ಏರುತ್ತದೆ. ನನಗೆ ಈ ವಿಷಯ ಮೊದಲು ಅರಿವಾದದ್ದು ಮಳವಳ್ಳಿ ರಸ್ತೆಯಲ್ಲಿ, ಡಿಮ್ ಮಾಡಿದ್ದರೂ ಎದುರಿನ ವಾಹನಗಳು ಒಂದರ ಮೇಲೊಂದರಂತೆ ಲೈಟ್ ಮಿನುಗಿಸಿ ಎಚ್ಚರಿಸಿದಾಗ.

ಆಗ ನಾನು ಮಾಡಿದ ತಪ್ಪನ್ನೇ ಇಂದಿಗೂ ಅನೇಕರು ಮಾಡುವುದನ್ನು ಕಾಣುತ್ತೇನೆ. ಯಾವ ಕಂಪನಿಯ ಶಾಕ್ ಒಳ್ಳೆಯದು ಎಂದು ನಾಲ್ಕು ಜನರನ್ನು ಕೇಳಿ, ಕೈಗೆಟುಕಿದ ಅತಿ ದುಬಾರಿಯದನ್ನು ತರಿಸಿ ಹಾಕಿಸಿಕೊಂಡೆ. ಅದರ ಸ್ಪ್ರಿಂಗ್ ಒಬ್ಬ ಸವಾರನ ತೂಕಕ್ಕೆ ತಕ್ಕಂತೆ ಇತ್ತು. ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆಗೆ ಇಳಿದ ಮೇಲೆ ಸಾಲುಸಾಲಾಗಿ ಬರುವ ಹಂಪುಗಳ ಪೈಕಿ ಒಂದನ್ನೂ ಬಿಡದೆ ಆ ಹೊಸ ಶಾಕ್ ತಳ ಮುಟ್ಟಿತು. ಊರಿಗೆ ಮರಳಿದ ಮೇಲಷ್ಟೇ ತೂಕ ಹಾಕಿದೆ, ಟೇಪು ಹಿಡಿದು ಅಳೆದೆ, ಸ್ಪ್ರಿಂಗ್ ಮಾತ್ರ ಬದಲಿಸಿದೆ; ಅದೇ ಶಾಕ್ ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ತೂಕ ಮೊದಲು, ಸ್ಪ್ರಿಂಗ್ ನಂತರ, ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ತೂಗಾಟವನ್ನು ಎಣ್ಣೆಯಿಂದ ತಡೆಯುವ ಏರ್ಪಾಡು, ಅದರ ನಂತರ. ಕಂಪನಿಯ ಹೆಸರು ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ತೊಂದರೆ ಶಾಕಿನದೇ ಎಂದು ಖಚಿತಪಡಿಸಿಕೊಳ್ಳುವುದು

ಹಣ ಖರ್ಚು ಮಾಡುವ ಮೊದಲು ಅರ್ಧ ದಿನ ಪರೀಕ್ಷೆಗೆ ಮೀಸಲಿಡಬೇಕು. ಟೈರಿನ ಗಾಳಿಯ ಒತ್ತಡವನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ, ತಯಾರಕರು ಹಿಂಬದಿ ಸವಾರರಿದ್ದಾಗ ಇರಬೇಕೆಂದು ಸೂಚಿಸಿರುವ ಮಟ್ಟಕ್ಕೆ ತನ್ನಿ. ಅನಂತರ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಆಟ ಕಂಡುಬಂದರೆ ಅದು ಚಕ್ರದ ಬೇರಿಂಗಿನದೋ, ಹಿಂದಿನ ಚಕ್ರವನ್ನು ಹಿಡಿದಿಡುವ ತೋಳಾದ ಸ್ವಿಂಗ್ ಆರ್ಮಿನ ಬುಷ್‌ನದೋ ಎಂದು ಬೇರ್ಪಡಿಸಿ ತಿಳಿಯಬೇಕು. ಚಕ್ರವನ್ನು ಮೇಲಕ್ಕೆ ಎತ್ತಿದಾಗ ಶಾಕ್ ಚಲಿಸುವ ಮೊದಲೇ ಕಟಕ್ಕೆಂದು ಸದ್ದಾದರೆ ಲಿಂಕೇಜಿನ (ಸ್ವಿಂಗ್ ಆರ್ಮನ್ನು ಶಾಕಿಗೆ ಜೋಡಿಸುವ ಸನ್ನೆಗಳ) ಸೂಜಿ ಬೇರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಕೊಡಗಿನ ಕಡೆ ಓಡಾಡುವ ಗಾಡಿಗಳಲ್ಲಿ ಈ ಬೇರಿಂಗುಗಳ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುವುದು ಸಾಮಾನ್ಯ. ಅಂಥ ಗಾಡಿಗೆ ಎಷ್ಟೇ ಒಳ್ಳೆಯ ಶಾಕ್ ಹಾಕಿದರೂ ಪ್ರಯೋಜನವಿಲ್ಲ. ಬೇರಿಂಗ್ ಬದಲಿಸಿ ಗ್ರೀಸ್ ತುಂಬಿದ ಮೇಲೆ ಹಳೆಯ ಶಾಕೇ ಸಾಕೆನಿಸಬಹುದು.

ಶಾಕಿನ ಕಡ್ಡಿಯ ಮೇಲೆ ಎಣ್ಣೆಯ ಪಸೆ ಇದೆಯೇ, ಕಡ್ಡಿಯ ಹೊಳಪಿನ ಮೇಲೆ ಗೀರು ಅಥವಾ ತುಕ್ಕಿನ ಚುಕ್ಕೆ ಇದೆಯೇ ನೋಡಿ. ಸೀಟಿನ ಹಿಂಭಾಗವನ್ನು ಬಲವಾಗಿ ಒತ್ತಿ ಬಿಟ್ಟಾಗ ಗಾಡಿ ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಒಳಗಿನ ಎಣ್ಣೆ ಹಳತಾಗಿದೆ ಅಥವಾ ಸೀಲ್ ಸೋರಿದೆ ಎಂದರ್ಥ.

ಸ್ಪ್ರಿಂಗಿನ ಕೆಲಸ, ಎಣ್ಣೆಯ ಕೆಲಸ

ಶಾಕ್ ಅಬ್ಸಾರ್ಬರ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಸಾಧನದಲ್ಲಿ ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ. ಸ್ಪ್ರಿಂಗ್ ಗಾಡಿಯ ತೂಕವನ್ನು ಹೊರುತ್ತದೆ. ಎಷ್ಟು ದೂರ ಅದುಮಲ್ಪಟ್ಟಿದೆ ಎಂಬುದನ್ನು ಮಾತ್ರ ಅವಲಂಬಿಸಿ ಬಲ ಕೊಡುತ್ತದೆ. ಡ್ಯಾಂಪರ್ ಎಂದರೆ ಎಣ್ಣೆ ತುಂಬಿದ ಕೊಳವೆ. ಅದರೊಳಗಿನ ಪಿಸ್ಟನ್ನಿನ ರಂಧ್ರಗಳನ್ನೂ ಅವುಗಳಿಗೆ ಮುಚ್ಚಳದಂತಿರುವ ತೆಳು ಉಕ್ಕಿನ ಬಿಲ್ಲೆಗಳನ್ನೂ ದಾಟಿ ಎಣ್ಣೆ ಹರಿಯುವಾಗ ಚಲನೆಯ ಶಕ್ತಿ ಶಾಖವಾಗಿ ಬದಲಾಗುತ್ತದೆ. ಡ್ಯಾಂಪರಿನ ಬಲವು ವೇಗಕ್ಕೆ ಸಂಬಂಧಿಸಿದ್ದು. ಗಾಡಿ ನಿಂತಿರುವಾಗ ಅದು ಒಂದು ಕಿಲೋ ತೂಕವನ್ನೂ ಹೊರುವುದಿಲ್ಲ. ಸಾಮಾನು ಹೇರಿದಾಗ ಹಿಂಭಾಗ ಕುಸಿಯುತ್ತದೆ ಎಂಬ ದೂರಿಗೆ ಡ್ಯಾಂಪಿಂಗಿನ ಗುಂಡಿ ತಿರುಗಿಸುವುದು ಪರಿಹಾರವಾಗದಿರಲು ಇದೇ ಕಾರಣ.

ಪ್ರಿಲೋಡ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಪ್ರಿಲೋಡ್ ಎಂದರೆ ಶಾಕ್ ಪೂರ್ತಿ ಚಾಚಿಕೊಂಡಿರುವಾಗಲೇ ಸ್ಪ್ರಿಂಗನ್ನು ಎಷ್ಟು ಅದುಮಿ ಇಡಲಾಗಿದೆ ಎಂಬ ಅಳತೆ. ಅದನ್ನು ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಮೆಕ್ಯಾನಿಕ್‌ಗಳೂ ಹೇಳುವುದುಂಟು. ಒಂದು ಮಿಲಿಮೀಟರ್ ಅದುಮಲು 100 ನ್ಯೂಟನ್ (ಸುಮಾರು 10 ಕಿಲೋ ಭಾರದಷ್ಟು ಬಲ) ಬೇಡುವ ಸ್ಪ್ರಿಂಗ್, ಪ್ರಿಲೋಡ್ ಎಷ್ಟೇ ಇದ್ದರೂ ಮುಂದಿನ ಮಿಲಿಮೀಟರಿಗೆ ಮತ್ತೆ 100 ನ್ಯೂಟನ್ನನ್ನೇ ಬೇಡುತ್ತದೆ. ಪ್ರಿಲೋಡಿನಿಂದ ಬದಲಾಗುವುದು ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದು. ಕುಸಿದ ಗಾಡಿಯನ್ನು ಅದು ಮೇಲೆತ್ತುತ್ತದೆ, ಹೀಗಾಗಿ ತಳ ಬಡಿಯುವ ಮುನ್ನ ಸ್ವಲ್ಪ ಹೆಚ್ಚು ಅವಕಾಶ ಸಿಗುತ್ತದೆ. ಮೆತ್ತಗಿನ ಸ್ಪ್ರಿಂಗ್ ಮೆತ್ತಗೇ ಉಳಿಯುತ್ತದೆ.

ತೂಕ ಮತ್ತು ಸ್ಯಾಗ್

ಪ್ರಯಾಣಕ್ಕೆ ಹೊರಡುವಂತೆಯೇ ಸಜ್ಜಾಗಿ ತೂಕ ಹಾಕಿ. ಹೆಲ್ಮೆಟ್, ಜಾಕೆಟ್, ಬೂಟು, ನೀರಿನ ಬಾಟಲಿ, ಟೂಲ್‌ಕಿಟ್, ತುಂಬಿದ ಪ್ಯಾನಿಯರ್, ಹಿಂಬದಿ ಸವಾರರು ಎಲ್ಲವೂ ಸೇರಬೇಕು. ಮಂಡ್ಯದ ಸುತ್ತಮುತ್ತಲಿನವರಿಗೆ ಇದು ಸುಲಭ: ಆಲೆಮನೆಯಲ್ಲಿ ಬೆಲ್ಲದ ಮೂಟೆ ತೂಗುವ ಅಥವಾ ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಹಲಗೆಯ ತಕ್ಕಡಿ ಸಿಕ್ಕರೆ ಗಾಡಿಯ ಹಿಂದಿನ ಚಕ್ರವನ್ನೇ ಅದರ ಮೇಲೆ ನಿಲ್ಲಿಸಬಹುದು. ಮುಂದಿನ ಚಕ್ರದ ಕೆಳಗೆ ಅದೇ ಎತ್ತರದ ಹಲಗೆ ಇಟ್ಟು ಗಾಡಿಯನ್ನು ನೇರವಾಗಿ ಹಿಡಿದು ಬರೀ ಗಾಡಿಯ ತೂಕ, ಸವಾರನೊಂದಿಗೆ, ಪೂರ್ತಿ ಹೇರಿನೊಂದಿಗೆ ಹೀಗೆ ಮೂರು ಸಲ ನೋಡಿ ಬರೆದುಕೊಳ್ಳಿ. ಒಟ್ಟು ತೂಕಕ್ಕಿಂತ ಹಿಂದಿನ ಚಕ್ರದ ಮೇಲೆ ಬೀಳುವ ಪಾಲೇ ನಮಗೆ ಮುಖ್ಯ. ಟಾಪ್ ಬಾಕ್ಸ್ ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದೆ ಕೂರುವುದರಿಂದ, ಅದರೊಳಗಿನ 10 ಕಿಲೋ ಹಿಂದಿನ ಚಕ್ರದ ಮೇಲೆ 10 ಕಿಲೋಗಿಂತ ಹೆಚ್ಚಿನ ಭಾರ ಹಾಕಿ, ಹೆಚ್ಚಾದಷ್ಟನ್ನು ಮುಂದಿನ ಚಕ್ರದಿಂದ ಕಸಿದುಕೊಳ್ಳುತ್ತದೆ. ಟೂಲ್‌ಕಿಟ್, ಬಿಡಿ ಟ್ಯೂಬಿನಂಥ ಭಾರದ ವಸ್ತುಗಳನ್ನು ಟಾಪ್ ಬಾಕ್ಸಿನಿಂದ ತೆಗೆದು ಪ್ಯಾನಿಯರಿನ ಮುಂಭಾಗದ ತಳಕ್ಕೆ ಸೇರಿಸಿದರೆ ಖರ್ಚಿಲ್ಲದೆ ಅರ್ಧ ಸುಧಾರಣೆ ಆಗಿರುತ್ತದೆ.

ಇಲ್ಲೇ ಒಂದು ಮಾತು ಸ್ಪಷ್ಟವಾಗಿರಲಿ. ತಯಾರಕರು ಗೊತ್ತುಪಡಿಸಿದ ಗರಿಷ್ಠ ಭಾರವನ್ನು ಗಟ್ಟಿ ಸ್ಪ್ರಿಂಗ್ ಹೆಚ್ಚಿಸುವುದಿಲ್ಲ. ಹಿಂದಿನ ಸಬ್‌ಫ್ರೇಮ್, ಚಕ್ರ, ಬ್ರೇಕು, ಟೈರು ಎಲ್ಲವೂ ಅದೇ ಮಿತಿಯಲ್ಲಿ ರೂಪುಗೊಂಡಿವೆ. ತಕ್ಕಡಿ ಆ ಮಿತಿ ಮೀರಿದ ತೂಕ ತೋರಿಸಿದರೆ ಸಾಮಾನು ಇಳಿಸುವುದೊಂದೇ ದಾರಿ.

ಸ್ಯಾಗ್ ಎಂದರೆ ತನ್ನ ಭಾರಕ್ಕೆ ಅಥವಾ ಸವಾರರ ಭಾರಕ್ಕೆ ಗಾಡಿ ಎಷ್ಟು ಕುಸಿಯುತ್ತದೆ ಎಂಬ ಅಳತೆ. ಇದಕ್ಕೆ ಬೇಕಾದದ್ದು ಒಂದು ಟೇಪು, ಸ್ವಲ್ಪ ಅಂಟುಪಟ್ಟಿ, ಮೂರು ಜನ. ಹಿಂದಿನ ಅಚ್ಚಿನ ನಡುವಿನಿಂದ ನೇರ ಮೇಲಕ್ಕೆ ಗಾಡಿಯ ಬಾಲದ ಮೇಲೆ ಅಲುಗಾಡದ ಒಂದು ಜಾಗದಲ್ಲಿ ಗುರುತು ಹಾಕಿ. ಚಕ್ರ ನೆಲ ಬಿಟ್ಟಿರುವಾಗ, ಅಂದರೆ ಶಾಕ್ ಪೂರ್ತಿ ಚಾಚಿಕೊಂಡಿರುವಾಗ, ಅಚ್ಚಿನಿಂದ ಗುರುತಿಗೆ ಇರುವ ಅಂತರವನ್ನು ಮೊದಲು ಅಳೆಯಿರಿ. ಅನಂತರ ಗಾಡಿಯನ್ನು ನೆಲಕ್ಕೆ ಇಳಿಸಿ, ಸವಾರರಿಲ್ಲದೆ ನೇರವಾಗಿ ಹಿಡಿದು ಅಳೆಯಿರಿ. ಕೊನೆಗೆ ಪೂರ್ತಿ ಸಜ್ಜಾದ ಸವಾರರು ಪಾದಗಳನ್ನು ಫುಟ್‌ರೆಸ್ಟಿನ ಮೇಲಿಟ್ಟು ಕುಳಿತಿರುವಾಗ ಅಳೆಯಿರಿ. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದಿರಲಿ, ಮತ್ತೊಬ್ಬರು ಟೇಪು ನೋಡಲಿ. ಸೀಲು ಮತ್ತು ಬೇರಿಂಗುಗಳ ಘರ್ಷಣೆಯಿಂದ ಅಳತೆ ಪ್ರತಿ ಸಲ ಸ್ವಲ್ಪ ಬೇರೆಯಾಗುತ್ತದೆ. ಹಿಂಭಾಗವನ್ನು ಒತ್ತಿ ಮೆಲ್ಲಗೆ ಮೇಲೇಳಲು ಬಿಟ್ಟು ಒಂದು ಅಳತೆ, ಮೇಲೆತ್ತಿ ಮೆಲ್ಲಗೆ ಇಳಿಯಲು ಬಿಟ್ಟು ಇನ್ನೊಂದು ಅಳತೆ ತೆಗೆದು ಎರಡರ ಸರಾಸರಿಯನ್ನು ಬಳಸಿದರೆ ಫಲಿತಾಂಶ ನಂಬಿಕೆಗೆ ಅರ್ಹವಾಗಿರುತ್ತದೆ.

ದೂರಪ್ರಯಾಣದ ಗಾಡಿಗೆ ಸವಾರರಿರುವಾಗಿನ ಸ್ಯಾಗ್ ಚಕ್ರದ ಒಟ್ಟು ಚಲನೆಯ (ಅದು ಮೇಲೆ ಕೆಳಗೆ ಚಲಿಸಬಲ್ಲ ಪೂರ್ತಿ ದೂರದ) ಶೇಕಡಾ 28ರಿಂದ 33ರಷ್ಟಿರುವುದು, ಗಾಡಿಯ ಸ್ವಂತ ಸ್ಯಾಗ್ ಶೇಕಡಾ 8ರಿಂದ 12ರಷ್ಟಿರುವುದು ಒಳ್ಳೆಯ ಆರಂಭ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಹಿಂದಿನ ಚಕ್ರದ ಚಲನೆ 180 ಮಿ.ಮೀ. ಆದ್ದರಿಂದ ಸವಾರರಿರುವಾಗ 50ರಿಂದ 60 ಮಿ.ಮೀ. ಕುಸಿಯಬೇಕು. ಇಂಟರ್‌ಸೆಪ್ಟರ್ 650ರ ಹಿಂದಿನ ಚಲನೆ 88 ಮಿ.ಮೀ. ಮಾತ್ರ, ಅಲ್ಲಿ 25ರಿಂದ 29 ಮಿ.ಮೀ. ಕುಸಿದರೆ ಮಿಕ್ಕ ಅರುವತ್ತರ ಆಸುಪಾಸಿನಲ್ಲೇ ಎಲ್ಲ ಗುಂಡಿಗಳನ್ನೂ ಹಂಪುಗಳನ್ನೂ ನುಂಗಿಕೊಳ್ಳಬೇಕು. ಚಲನೆ ಕಡಿಮೆಯಿರುವ ಗಾಡಿಯಲ್ಲಿ ಸ್ಪ್ರಿಂಗಿನ ಆಯ್ಕೆ ತಪ್ಪಿದರೆ ಪರಿಣಾಮ ಹೆಚ್ಚು ಕಠಿಣವಾಗಿರುವುದು ಈ ಕಾರಣಕ್ಕೆ.

ಸ್ಪ್ರಿಂಗಿನ ಲೆಕ್ಕ

ಈಗ ಒಂದು ಉದಾಹರಣೆಯನ್ನು ಕೂತು ಬಿಡಿಸೋಣ. ಅಂಕಿಗಳು ಲೆಕ್ಕದ ರೀತಿ ತಿಳಿಯಲೆಂದು ನಾನು ಹಿಡಿದವು, ನಿಮ್ಮವನ್ನು ನೀವೇ ಅಳೆದು ತುಂಬಬೇಕು. ಚಕ್ರ ಮೇಲಿದ್ದಾಗ ಅಂತರ 620 ಮಿ.ಮೀ., ಬರೀ ಗಾಡಿ ನಿಂತಾಗ 603, ಪೂರ್ತಿ ಹೇರಿನೊಂದಿಗೆ 548 ಎಂದಿಟ್ಟುಕೊಳ್ಳಿ. ಗಾಡಿಯ ಸ್ವಂತ ಸ್ಯಾಗ್ 17 ಮಿ.ಮೀ., ಹೇರಿನೊಂದಿಗಿನ ಸ್ಯಾಗ್ 72 ಮಿ.ಮೀ. ಚಕ್ರದ ಒಟ್ಟು ಚಲನೆ 180 ಎಂದು ಹಿಡಿದರೆ ಅದರಲ್ಲಿ 72 ಎಂದರೆ ಶೇಕಡಾ 40. ಹೊರಡುವ ಮುನ್ನವೇ ಚಲನೆಯ ಐದರಲ್ಲಿ ಎರಡು ಪಾಲು ಖರ್ಚಾಗಿದೆ. ಪ್ರಿಲೋಡ್ ಏರಿಸಿ ಇದನ್ನು 60ಕ್ಕೆ ತಂದರೆ ಗಾಡಿಯ ಸ್ವಂತ ಸ್ಯಾಗ್ ಕೂಡ ಅಷ್ಟೇ ಕಡಿಮೆಯಾಗಿ 5 ಮಿ.ಮೀ.ಗೆ ಇಳಿಯುತ್ತದೆ. ಒಬ್ಬರೇ ಹೋಗುವಾಗ ಗುಂಡಿಯೊಳಕ್ಕೆ ಇಳಿಯಲು ಚಕ್ರಕ್ಕೆ ಅವಕಾಶವೇ ಇಲ್ಲದೆ ಹಿಂಭಾಗ ಒದ್ದಂತೆ ಭಾಸವಾಗುತ್ತದೆ. ಸವಾರರೊಂದಿಗಿನ ಸ್ಯಾಗ್ ಸರಿಯಾಗಿದ್ದು ಸ್ವಂತ ಸ್ಯಾಗ್ ಇಲ್ಲವೇ ಇಲ್ಲ ಎನ್ನುವಂತಿದ್ದರೆ ಸ್ಪ್ರಿಂಗ್ ಮೆತ್ತಗಿದೆ ಎಂದು ತಿಳಿಯಬೇಕು. ಮೊದಲನೆಯದು ಸರಿಯಿದ್ದು ಸ್ವಂತ ಸ್ಯಾಗ್ ವಿಪರೀತವಿದ್ದರೆ ಸ್ಪ್ರಿಂಗ್ ಅಗತ್ಯಕ್ಕಿಂತ ಗಟ್ಟಿ. ಮೇಲ್ನೋಟಕ್ಕೆ ಇದು ತಲೆಕೆಳಗಾಗಿ ಕಂಡರೂ ನಿಯಮ ಹೀಗೇ ಇದೆ: ಮೆತ್ತಗಿನ ಸ್ಪ್ರಿಂಗಿನಿಂದ ಭಾರ ಹೊರಿಸಲು ಹೆಚ್ಚು ಪ್ರಿಲೋಡ್ ಕೊಡಬೇಕಾಗುತ್ತದೆ, ಆ ಪ್ರಿಲೋಡ್ ಬರಿಯ ಗಾಡಿಯನ್ನು ತುದಿಯವರೆಗೆ ಎತ್ತಿಬಿಡುತ್ತದೆ.

ಮುಂದಿನ ಹೆಜ್ಜೆಗೆ ಲಿವರೇಜ್, ಅಂದರೆ ಚಕ್ರದ ಚಲನೆಗೂ ಶಾಕಿನ ಚಲನೆಗೂ ಇರುವ ಅನುಪಾತ, ತಿಳಿದಿರಬೇಕು. ಎರಡು ಶಾಕುಗಳು ಹಿಂದಿನ ಅಚ್ಚಿನ ಹತ್ತಿರವೇ ನಿಂತಿರುವ ಗಾಡಿಗಳಲ್ಲಿ ಚಕ್ರ ಚಲಿಸಿದಷ್ಟೇ ಸುಮಾರಾಗಿ ಶಾಕೂ ಚಲಿಸುತ್ತದೆ. ಒಂದೇ ಶಾಕ್ ಇರುವ ಮೊನೊಶಾಕ್ ಗಾಡಿಗಳಲ್ಲಿ ಚಕ್ರದ ಎರಡರಿಂದ ಮೂರು ಮಿ.ಮೀ. ಚಲನೆಗೆ ಶಾಕ್ ಒಂದು ಮಿ.ಮೀ. ಅದುಮಿಕೊಳ್ಳುವುದು ಸಾಮಾನ್ಯ. ಅನುಪಾತ 2.5 ಎಂದು ಹಿಡಿದರೆ, ಶಾಕಿನ ಮೇಲಿನ 100 ನ್ಯೂಟನ್/ಮಿ.ಮೀ. ಸ್ಪ್ರಿಂಗ್ ಚಕ್ರದ ಬಳಿ 2.5ರ ವರ್ಗ, ಅಂದರೆ 6.25ರಿಂದ ಭಾಗಿಸಲ್ಪಟ್ಟು 16 ನ್ಯೂಟನ್/ಮಿ.ಮೀ. ಮಾತ್ರ ಆಗಿರುತ್ತದೆ. ಶಾಕಿನಲ್ಲಿ ಪ್ರಿಲೋಡನ್ನು ಒಂದು ಮಿ.ಮೀ. ಏರಿಸಿದರೆ ಹಿಂಭಾಗ 2.5 ಮಿ.ಮೀ. ಏರುವುದೂ ಇದೇ ಅನುಪಾತದಿಂದ. ನಮ್ಮ ಉದಾಹರಣೆಯಲ್ಲಿ ಸವಾರರು ಮತ್ತು ಸಾಮಾನು 55 ಮಿ.ಮೀ. ಕುಸಿಸಿದ್ದಾರೆ; 16ರಿಂದ ಗುಣಿಸಿದರೆ 880 ನ್ಯೂಟನ್, ಅಂದರೆ ಹಿಂದಿನ ಚಕ್ರದ ಮೇಲೆ ಸುಮಾರು 90 ಕಿಲೋ ಹೆಚ್ಚುವರಿ ಭಾರ. ತಕ್ಕಡಿಯಲ್ಲಿ ಬರೆದುಕೊಂಡ ಅಂಕಿಯೊಂದಿಗೆ ಇದನ್ನು ತಾಳೆ ನೋಡಿ. ಎರಡೂ ಹತ್ತಿರ ಬಂದರೆ ನಿಮ್ಮ ಅಳತೆ ಸರಿಯಾಗಿದೆ. ನಮಗೆ ಬೇಕಾದದ್ದು ಸ್ವಂತ ಸ್ಯಾಗ್ 15, ಹೇರಿನೊಂದಿಗೆ 60. ಅದೇ 880 ನ್ಯೂಟನ್ ಈಗ 45 ಮಿ.ಮೀ. ಮಾತ್ರ ಕುಸಿಸಬೇಕು. 880ನ್ನು 45ರಿಂದ ಭಾಗಿಸಿದರೆ ಚಕ್ರದ ಬಳಿ 19.6, ಅದನ್ನು 6.25ರಿಂದ ಗುಣಿಸಿದರೆ ಶಾಕಿನಲ್ಲಿ 122 ನ್ಯೂಟನ್/ಮಿ.ಮೀ. ಅಂಗಡಿಯಲ್ಲಿ ದೊರೆಯುವ 120ರ ಸ್ಪ್ರಿಂಗ್ ಇದಕ್ಕೆ ಸಾಕು. ಕೆಲವು ಸ್ಪ್ರಿಂಗುಗಳ ಮೇಲೆ ಕಿಲೋ/ಮಿ.ಮೀ. ಎಂದೋ ಪೌಂಡ್/ಇಂಚು ಎಂದೋ ಬರೆದಿರುತ್ತದೆ: ಒಂದು ಕಿಲೋ/ಮಿ.ಮೀ. ಸುಮಾರು 9.8 ನ್ಯೂಟನ್/ಮಿ.ಮೀ.ಗೂ, ಒಂದು ನ್ಯೂಟನ್/ಮಿ.ಮೀ. ಸುಮಾರು 5.7 ಪೌಂಡ್/ಇಂಚಿಗೂ ಸಮ.

ಲಿಂಕೇಜ್ ಇರುವ ಗಾಡಿಗಳಲ್ಲಿ ಈ ಅನುಪಾತ ಚಲನೆಯುದ್ದಕ್ಕೂ ಒಂದೇ ಆಗಿರುವುದಿಲ್ಲ. ಒಳಕ್ಕೆ ಹೋದಂತೆ ಹಿಂಭಾಗ ಗಟ್ಟಿಯಾಗುವಂತೆ ಅದನ್ನು ರೂಪಿಸಿರುತ್ತಾರೆ. ಹಾಗಾಗಿ ಲೆಕ್ಕದಿಂದ ಬಂದ ಅಂಕಿಯನ್ನು ಕೊಳ್ಳುವಾಗಿನ ಮಾತುಕತೆಗೆ ಆಧಾರವಾಗಿ ಬಳಸಿ, ಶಾಕ್ ತಯಾರಕರ ಸ್ಪ್ರಿಂಗ್ ಪಟ್ಟಿಯೊಂದಿಗೆ ಹೋಲಿಸಿ ನಿರ್ಧರಿಸಬೇಕು.

ಯಾವುದನ್ನು ಕೊಳ್ಳಬೇಕು

ಹಳೆಯ ಶಾಕಿನ ಡ್ಯಾಂಪಿಂಗ್ ಇನ್ನೂ ಚೆನ್ನಾಗಿದ್ದರೆ ಸ್ಪ್ರಿಂಗ್ ಮಾತ್ರ ಬದಲಿಸುವುದು ಅಗ್ಗದ ದಾರಿ. ಆದರೆ ಅದಕ್ಕೊಂದು ಮಿತಿ ಇದೆ. ಗಟ್ಟಿ ಸ್ಪ್ರಿಂಗ್ ಅದುಮಿದಾಗ ಹೆಚ್ಚು ಶಕ್ತಿಯನ್ನು ಕೂಡಿಟ್ಟುಕೊಂಡು ಅಷ್ಟೇ ರಭಸದಿಂದ ಹಿಂತಿರುಗಿಸುತ್ತದೆ. ಅದನ್ನು ತಡೆಯಬೇಕಾದ ರೀಬೌಂಡ್ ಡ್ಯಾಂಪಿಂಗ್ (ಶಾಕ್ ಚಾಚಿಕೊಳ್ಳುವಾಗಿನ ತಡೆ) ಹಳೆಯ ಮೆತ್ತಗಿನ ಸ್ಪ್ರಿಂಗಿಗೆ ಹೊಂದಿಸಿದ್ದಾದ್ದರಿಂದ ಹಂಪ್ ದಾಟಿದ ಮೇಲೆ ಹಿಂಭಾಗ ಚಿಮ್ಮುತ್ತದೆ. ಸ್ಪ್ರಿಂಗಿನ ಬಿಗಿ ಶೇಕಡಾ ಹತ್ತರಷ್ಟು ಮಾತ್ರ ಹೆಚ್ಚುವುದಾದರೆ ಹಳೆಯ ಡ್ಯಾಂಪರ್ ನಿಭಾಯಿಸಬಹುದು. ಅದಕ್ಕಿಂತ ಹೆಚ್ಚಾದರೆ ರೀಬೌಂಡ್ ಹೊಂದಿಸಬಲ್ಲ ಹೊಸ ಶಾಕ್ ಬೇಕು ಎಂಬುದು ನನ್ನ ಅಭಿಪ್ರಾಯ.

ಹೊಸ ಶಾಕುಗಳಲ್ಲಿ ಎಣ್ಣೆ ಮತ್ತು ಅನಿಲ ಒಂದೇ ಕೊಳವೆಯಲ್ಲಿ ಬೆರೆತಿರುವ ಇಮಲ್ಷನ್ ಬಗೆಯವು ಅಗ್ಗ. ಸಾಲಾಗಿ ಹಂಪುಗಳು ಬಂದಾಗ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ನೊರೆಯೂ ಏಳುತ್ತದೆ. ನೊರೆಯಾದ ಎಣ್ಣೆ ಪಿಸ್ಟನ್ನನ್ನು ತಡೆಯಲಾರದು. ತೇಲುವ ಪಿಸ್ಟನ್ನೊಂದರಿಂದ ಸಾರಜನಕವನ್ನು ಎಣ್ಣೆಯಿಂದ ಬೇರ್ಪಡಿಸಿ ಒತ್ತಡದಲ್ಲಿಟ್ಟಿರುವ ಮೊನೊಟ್ಯೂಬ್ ಬಗೆಯಲ್ಲಿ ಈ ನೊರೆ ಏಳುವುದಿಲ್ಲ. ಪಕ್ಕದಲ್ಲಿ ಪ್ರತ್ಯೇಕ ರಿಸರ್ವಾಯರ್ ಇದ್ದರೆ ಎಣ್ಣೆಯ ಪ್ರಮಾಣ ಹೆಚ್ಚಿ ಶಾಖ ಹರಡಲು ಜಾಗ ಸಿಗುತ್ತದೆ. ಮೈಸೂರಿನಿಂದ ಊಟಿಗೆ, ಮಡಿಕೇರಿಗೆ ಭಾರ ಹೊತ್ತು ಹೋಗಿಬರುವವರಿಗೆ ಮೊನೊಟ್ಯೂಬ್ ಸಾಕು; ರಿಸರ್ವಾಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊರತೆಯೇನಿಲ್ಲ. ಅದರ ಬದಲು ಅದೇ ಹಣವನ್ನು ಕೈಯಿಂದಲೇ ತಿರುಗಿಸಬಹುದಾದ ಹೈಡ್ರಾಲಿಕ್ ಪ್ರಿಲೋಡ್ ಅಡ್ಜಸ್ಟರಿಗೆ ಖರ್ಚು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ವಾರವಿಡೀ ಒಬ್ಬರೇ ಕಚೇರಿಗೆ ಹೋಗಿ, ಶನಿವಾರ ಇಬ್ಬರು ಸಾಮಾನಿನೊಂದಿಗೆ ಹೊರಡುವವರು ಸಿ-ಸ್ಪಾನರ್ ಹಿಡಿದು ಪ್ರತಿ ಸಲ ಬಿಗಿ ಮಾಡುವುದಿಲ್ಲ. ಗುಂಡಿ ಕೈಗೆ ಸಿಗುವಂತಿದ್ದರೆ ಮಾಡುತ್ತಾರೆ.

ಕೊಳ್ಳುವಾಗ ಶಾಕಿನ ಎರಡೂ ಕಣ್ಣುಗಳ (ಬೋಲ್ಟ್ ತೂರುವ ತುದಿಯ ರಂಧ್ರಗಳ) ನಡುವಿನ ಉದ್ದ ಮೂಲದಷ್ಟೇ ಇರಲಿ. ಉದ್ದ ಹೆಚ್ಚಾದರೆ ಹಿಂಭಾಗ ಏರಿ ಸ್ಟೀರಿಂಗಿನ ಕೋನ ಕಡಿದಾಗುತ್ತದೆ, ಗಾಡಿ ವೇಗದಲ್ಲಿ ಚಂಚಲವಾಗುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಹೆಚ್ಚು ವಾಲುತ್ತದೆ, ಚೈನ್ ಸ್ವಿಂಗ್ ಆರ್ಮಿಗೆ ಉಜ್ಜಬಹುದು. ಶಾಕಿನ ಚಲನೆ ಮೂಲಕ್ಕಿಂತ ಹೆಚ್ಚಾಗಿದ್ದರೆ ಟೈರು ಮಡ್‌ಗಾರ್ಡಿಗೆ ತಾಗಬಹುದು. ಬುಷ್‌ಗಳ ಅಗಲ ಮತ್ತು ಬೋಲ್ಟಿನ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಹೇಳಿ ತರಿಸಿ. ಅಗಲದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸವಾದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಕಡೆ ಲೇತ್ ಅಂಗಡಿಯಲ್ಲಿ ಉಕ್ಕಿನ ಸ್ಪೇಸರ್ ತಿರುಗಿಸಿಕೊಡುತ್ತಾರೆ. ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ದೆಸೆಯಿಂದ ಈ ಊರಿನಲ್ಲಿ ಬೈಕಿನ ಭಾಗಗಳನ್ನು ಮಿಲಿಮೀಟರಿನ ಲೆಕ್ಕದಲ್ಲಿ ನೋಡುವ ಕೈಗಳಿಗೆ ಬರವಿಲ್ಲ. ಆ ಜಾವಾ ಗಾಡಿಗಳ ಜೋಡಿ ಶಾಕುಗಳನ್ನು ಬಿಚ್ಚಿ ಜೋಡಿಸಿ ಕಲಿತ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕರೆ ಅವರ ಸಲಹೆಯನ್ನು ಕಡೆಗಣಿಸಬೇಡಿ.

ಸ್ಪ್ರಿಂಗನ್ನು ಕಾಯಿಸಿ ಎಳೆಸುವುದು, ಸುರುಳಿಗಳ ನಡುವೆ ರಬ್ಬರ್ ತುಂಡು ತುರುಕುವುದು, ಮುಚ್ಚಿದ ಗ್ಯಾಸ್ ಶಾಕನ್ನು ರಸ್ತೆಬದಿಯಲ್ಲಿ ಬಿಚ್ಚಿಸುವುದು ಇವು ಮೂರನ್ನೂ ಮಾಡಲೇಬಾರದು. ಕಾಯಿಸಿದ ಸ್ಪ್ರಿಂಗ್ ತನ್ನ ಹದ ಕಳೆದುಕೊಂಡು ಕುಸಿಯುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ರಬ್ಬರ್ ತುಂಡು ಉಳಿದ ಸುರುಳಿಗಳ ಮೇಲೆ ಭಾರ ಹಾಕುತ್ತದೆ. ಒತ್ತಡದ ಸಾರಜನಕ ತುಂಬಿದ ಕೊಳವೆಯ ಮುಚ್ಚಳ ಹಾರಿದರೆ ಕಣ್ಣೇ ಹೋಗಬಹುದು.

ಜೋಡಿಸುವುದು

ಗಾಡಿಗೆ ವಾರಂಟಿ ಇನ್ನೂ ಇದ್ದರೆ ಶಾಕ್ ಬದಲಿಸುವುದರಿಂದ ಅದಕ್ಕೆ ಏನಾಗುತ್ತದೆ ಎಂದು ಸರ್ವೀಸ್ ಕೇಂದ್ರದಿಂದ ಲಿಖಿತವಾಗಿ ಕೇಳಿ ತಿಳಿದ ಮೇಲೆ ಸ್ಪಾನರ್ ಹಿಡಿಯಿರಿ. ಬೋಲ್ಟುಗಳ ಟಾರ್ಕ್ (ಎಷ್ಟು ಬಿಗಿಯಬೇಕೆಂಬ) ಅಂಕಿಗಳನ್ನು ನಿಮ್ಮ ಮಾದರಿಯ ಸರ್ವೀಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಬೇಕು. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯುವುದು ತರವಲ್ಲ.

ಜೋಡಿ ಶಾಕಿನ ಗಾಡಿಯಲ್ಲಿ ಕೆಲಸ ಸರಳ. ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಚಕ್ರದ ಕೆಳಗೆ ಭಾರ ಹೊರುವಷ್ಟು ಮರದ ಹಲಗೆ ಕೊಟ್ಟು, ಒಂದು ಬದಿಯ ಶಾಕ್ ಬದಲಿಸಿ ಮುಗಿಸಿದ ಮೇಲೆ ಇನ್ನೊಂದು ಬದಿಗೆ ಕೈ ಹಾಕಿ. ಒಂದು ಬದಿಯದು ಸ್ಥಾನದಲ್ಲಿರುವುದರಿಂದ ಸ್ವಿಂಗ್ ಆರ್ಮ್ ಕೆಳಕ್ಕೆ ಬೀಳುವುದಿಲ್ಲ, ರಂಧ್ರಗಳೂ ತಾನಾಗಿ ಹೊಂದುತ್ತವೆ. ಎರಡೂ ಬದಿಯ ಪ್ರಿಲೋಡ್ ಒಂದೇ ಹಂತದಲ್ಲಿರಬೇಕು. ಪ್ಯಾನಿಯರ್ ಚೌಕಟ್ಟು ಮತ್ತು ಸೈಲೆನ್ಸರ್ ಶಾಕಿಗೆ ತಾಗುವುದಿಲ್ಲ ಎಂದು ಬೆರಳು ತೂರಿಸಿ ನೋಡಿ.

ಮೊನೊಶಾಕಿನಲ್ಲಿ ಎಚ್ಚರ ಹೆಚ್ಚು ಬೇಕು. ಸೀಟು, ಪಕ್ಕದ ಮುಚ್ಚಳ, ಬೇಕಿದ್ದರೆ ಬ್ಯಾಟರಿ ತೆಗೆದು ಮೇಲಿನ ಬೋಲ್ಟಿಗೆ ದಾರಿ ಮಾಡಿಕೊಳ್ಳಿ. ಮುಂದಿನ ಚಕ್ರವನ್ನು ಪಟ್ಟಿಯಿಂದ ಕಟ್ಟಿ ಗಾಡಿ ಮುಂದಕ್ಕೆ ಉರುಳದಂತೆ ಮಾಡಿ. ಬೋಲ್ಟ್ ತೆಗೆಯುವ ಮುನ್ನ ಹಿಂದಿನ ಚಕ್ರದ ಕೆಳಗೆ ಜಾಕ್ ಇಟ್ಟು, ಬೋಲ್ಟು ಕೈಯಿಂದಲೇ ಸರಿಯುವಷ್ಟು ಎತ್ತರಕ್ಕೆ ಹೊಂದಿಸಿ. ಬೋಲ್ಟನ್ನು ಸುತ್ತಿಗೆಯಿಂದ ಹೊಡೆಯಬೇಕಾಗಿ ಬಂದರೆ ಜಾಕಿನ ಎತ್ತರ ತಪ್ಪಿದೆ ಎಂದು ತಿಳಿಯಿರಿ. ಯಾವ ಬೋಲ್ಟ್ ಯಾವ ಬದಿಯಿಂದ ಒಳಹೊಕ್ಕಿತ್ತು, ವಾಷರ್ ಎಲ್ಲಿತ್ತು ಎಂಬುದರ ಚಿತ್ರ ತೆಗೆದಿಟ್ಟುಕೊಳ್ಳಿ. ಶಾಕ್ ಹೊರಬಂದಿರುವ ಹೊತ್ತಿನಲ್ಲಿ ಲಿಂಕೇಜಿನ ಸೂಜಿ ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸ್ ತುಂಬುವ ಅವಕಾಶವನ್ನು ಬಿಡಬಾರದು. ಸ್ವಿಂಗ್ ಆರ್ಮನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದಾಗ ಅದು ಎಲ್ಲೂ ತಡೆಯದೆ ಚಲಿಸಬೇಕು.

ಹೊಸ ಶಾಕ್ ಕೂರಿಸಿದ ಮೇಲೆ ಬೋಲ್ಟುಗಳನ್ನು ಮೊದಲು ಕೈಬಿಗಿಗೆ ಮಾತ್ರ ತನ್ನಿ. ಶಾಕಿನ ಕಣ್ಣುಗಳಲ್ಲಿ ರಬ್ಬರ್ ಬುಷ್ ಇದ್ದರೆ, ಗಾಡಿ ತನ್ನ ಕಾಲ ಮೇಲೆ ನಿಂತು ಭಾರ ಬಿದ್ದ ಸ್ಥಿತಿಯಲ್ಲೇ ಕೊನೆಯ ಬಿಗಿ ಕೊಡಬೇಕು. ಚಕ್ರ ತೂಗಾಡುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರಿಸರ್ವಾಯರಿನ ಕೊಳವೆ ಇಕ್ಕಟ್ಟಾಗಿ ಮಡಚಿಲ್ಲವೇ, ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಎಲ್ಲೂ ಉಜ್ಜುತ್ತಿಲ್ಲವೇ ನೋಡಿ. ಕೊನೆಗೆ ಚೈನಿನ ಸಡಿಲವನ್ನು ಪರೀಕ್ಷಿಸಬೇಕು: ಗೇರ್‌ಬಾಕ್ಸಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಅಚ್ಚು ಮೂರೂ ಒಂದೇ ಸಾಲಿಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ, ಆಗಲೂ ಸ್ವಲ್ಪ ಸಡಿಲ ಉಳಿಯಬೇಕು. ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಿ.

ಹೊಂದಿಸುವುದು

ಮೊದಲು ಸ್ಯಾಗ್ ಮತ್ತೆ ಅಳೆದು ಪ್ರಿಲೋಡ್ ಸರಿ ಮಾಡಿ. ಅದು ಸರಿಯಾಗುವವರೆಗೆ ಬೇರೆ ಗುಂಡಿ ಮುಟ್ಟಬೇಡಿ. ಅನಂತರ ರೀಬೌಂಡ್, ಕಂಪ್ರೆಷನ್ (ಶಾಕ್ ಅದುಮಿಕೊಳ್ಳುವಾಗಿನ ತಡೆ) ಗುಂಡಿಗಳೆರಡನ್ನೂ ಪೂರ್ತಿ ಒಳಕ್ಕೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಹೊರಕ್ಕೆ ಕ್ಲಿಕ್ ಎಣಿಸುತ್ತಾ ತಯಾರಕರು ಹೇಳಿದ ಆರಂಭದ ಸ್ಥಾನಕ್ಕೆ ತಂದು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಗುಂಡಿ, ಎರಡೇ ಕ್ಲಿಕ್, ಅದೇ ರಸ್ತೆ, ಅದೇ ವೇಗ, ಅದೇ ಭಾರ.

ನಾನು ಬಳಸುವುದು ಎರಡು ರಸ್ತೆಗಳನ್ನು. ಹಂಪುಗಳಿಗೆ ಶ್ರೀರಂಗಪಟ್ಟಣದ ಆಚೆಯ ಸರ್ವೀಸ್ ರಸ್ತೆ, ತಿರುವುಗಳಿಗೆ ಚಾಮುಂಡಿ ಬೆಟ್ಟದ ರಸ್ತೆ. ಬೆಟ್ಟದಲ್ಲಿ ಬೆಳಗಿನ ಹೊತ್ತು ನಡೆದು ಹೋಗುವವರೂ ಸೈಕಲ್ ಸವಾರರೂ ಇರುವುದರಿಂದ ಸಾಧಾರಣ ವೇಗವೇ ಸಾಕು. ಗಾಡಿಯ ವರ್ತನೆ ತಿಳಿಯಲು ಧಾವಿಸಬೇಕಾಗಿಲ್ಲ. ಹಂಪ್ ದಾಟಿದ ಮೇಲೆ ಸೀಟು ನಿಮ್ಮನ್ನು ಮೇಲಕ್ಕೆಸೆದರೆ ರೀಬೌಂಡ್ ಎರಡು ಕ್ಲಿಕ್ ಹೆಚ್ಚಿಸಿ. ಒಂದರ ಹಿಂದೊಂದು ಬರುವ ಸಣ್ಣ ಉಬ್ಬುಗಳಲ್ಲಿ ಮೊದಲನೆಯದು ಮೃದುವಾಗಿದ್ದು ಮೂರನೆಯ ನಾಲ್ಕನೆಯದು ಬೆನ್ನಿಗೆ ಬಡಿದರೆ ರೀಬೌಂಡ್ ವಿಪರೀತವಾಗಿದೆ: ಶಾಕ್ ಚಾಚಿಕೊಳ್ಳುವ ಮುನ್ನವೇ ಮುಂದಿನ ಉಬ್ಬು ಬಂದು ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತಿದೆ. ಹೊಸ ಶಾಕ್ ಹಾಕಿಸಿದ ಅನೇಕರು ಗಟ್ಟಿ ಎಂದು ದೂರುವ ಗಾಡಿಗಳಲ್ಲಿ ನಾನು ಕಂಡ ದೋಷ ಹೆಚ್ಚಾಗಿ ಇದೇ. ತೇಪೆಯ ಚೂಪು ಅಂಚುಗಳು ಕುಟುಕಿದರೆ ಕಂಪ್ರೆಷನ್ ಇಳಿಸಿ, ದೊಡ್ಡ ತಗ್ಗಿನಲ್ಲಿ ತಳ ಬಡಿದರೆ ಏರಿಸಿ. ಕಡ್ಡಿ ಕಾಣುವ ಶಾಕಾದರೆ ಅದರ ಮೇಲೆ ತೆಳು ರಬ್ಬರ್ ಉಂಗುರವೊಂದನ್ನು ಸರಿಸಿಟ್ಟು, ಸವಾರಿಯ ನಂತರ ಅದು ಎಲ್ಲಿಗೆ ತಳ್ಳಲ್ಪಟ್ಟಿದೆ ಎಂದು ನೋಡಿ. ಇಡೀ ದಿನದ ಪ್ರಯಾಣದಲ್ಲಿ ಒಂದೆರಡು ಸಲ ಮಾತ್ರ ತುದಿ ಮುಟ್ಟುವಂತಿದ್ದರೆ ಹೊಂದಾಣಿಕೆ ಸರಿಯಿದೆ.

ಹಿಂಭಾಗ ಸರಿಯಾದ ಮೇಲೆ ಮುಂದಿನ ಫೋರ್ಕ್ ಮೆತ್ತಗೆನಿಸಿ ಬ್ರೇಕ್ ಹಿಡಿದಾಗ ಮುಗ್ಗರಿಸಿದಂತಾಗುವುದು ಸಹಜ. ಫೋರ್ಕ್ ಎಣ್ಣೆ ಹಳತಾಗಿದ್ದರೆ ಅದನ್ನು ಬದಲಿಸಿ, ಮುಂದಿನ ಸ್ಯಾಗನ್ನೂ ಇದೇ ರೀತಿಯಲ್ಲಿ ಅಳೆಯಿರಿ.

ಒಬ್ಬರಿಗೆ, ಒಬ್ಬರು ಮತ್ತು ಸಾಮಾನಿಗೆ, ಇಬ್ಬರು ಮತ್ತು ಸಾಮಾನಿಗೆ ಹೀಗೆ ಮೂರು ಸ್ಥಿತಿಗಳ ಪ್ರಿಲೋಡ್ ಮತ್ತು ರೀಬೌಂಡ್ ಅಂಕಿಗಳನ್ನು ಸೀಟಿನ ಕೆಳಗೆ ಚೀಟಿಯಲ್ಲಿ ಅಂಟಿಸಿಡಿ. ಊಟಿ ಕಡೆ ಹೋಗುವವರು ಬದಲಾವಣೆಗಳನ್ನು ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಬೇಕು; ಬಂಡೀಪುರದ ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ದಾರಿಯೂ ಮುಚ್ಚಿರುತ್ತದೆ. ಮೊದಲ ದೂರಪ್ರಯಾಣ ಮುಗಿಸಿ ಬಂದ ಮೇಲೆ ಎಲ್ಲ ಬೋಲ್ಟುಗಳ ಟಾರ್ಕ್ ಮತ್ತೊಮ್ಮೆ ನೋಡಿ, ಸ್ಯಾಗ್ ಮತ್ತೊಮ್ಮೆ ಅಳೆಯಿರಿ. ಹೊಸ ಸ್ಪ್ರಿಂಗ್ ಮತ್ತು ಬುಷ್‌ಗಳು ಕೂತ ಮೇಲೆ ಒಂದೆರಡು ಮಿ.ಮೀ. ವ್ಯತ್ಯಾಸ ಬಂದಿರುತ್ತದೆ. ಹಳೆಯ ಶಾಕನ್ನು ಒರೆಸಿ, ಕಡ್ಡಿಗೆ ತೆಳುವಾಗಿ ಎಣ್ಣೆ ಸವರಿ, ನಿಲ್ಲಿಸಿ ಇಟ್ಟುಕೊಳ್ಳಿ. ಹೊಸದನ್ನು ಸೀಲ್ ಬದಲಿಸಲು ಕಳುಹಿಸಿದ ವಾರಗಳಲ್ಲಿ ಗಾಡಿ ಓಡಿಸಲು ಅದೇ ಬೇಕಾಗುತ್ತದೆ.